ಮನೆ ಕಂಪ್ಯೂಟರ್‌ಗೂ ಯುಗಾದಿಗೊಂದು, ಆಯುಧಪೂಜೆಗೊಂದು ಸರ್ವಿಸ್ ಬೇಕು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಹೊಸ ಮೊಬೈಲ್ ಬಂದ್ರೆ ಅದರ ಬಗ್ಗೆ ಬರುತ್ತೆ, ಹೊಸ ಲ್ಯಾಪ್‌ಟಾಪ್ ಬಂದ್ರೆ ಫೋಟೋ ಸಮೇತ ಬರುತ್ತೆ, ಎಐ ಬಗ್ಗೆ ಅಂತೂ ದಿನಾ ಏನಾದ್ರೂ ಒಂದು ಇದ್ದೇ ಇರುತ್ತೆ, ಅದೆಲ್ಲಾ ಬೇಕು, ನಾನೂ ಓದ್ತೀನಿ. ಆದ್ರೆ ಈಗಾಗ್ಲೇ ಮನೇಲಿ ದುಡ್ಡು ಕೊಟ್ಟು ತಂದಿಟ್ಕೊಂಡಿರೋ ಕಂಪ್ಯೂಟರ್‌ನ ಹೆಂಗೆ ನೋಡ್ಕೋಬೇಕು ಅನ್ನೋದರ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೇ ನಾನೇ ಬರೀತಾ ಇದೀನಿ. ನಾನು ದಾವಣಗೆರೇಲಿ ಕಂಪ್ಯೂಟರ್ ರಿಪೇರಿ ಮಾಡೋನು, ಅಂಗಡೀಲೂ ಮಾಡ್ತೀನಿ, ಕರೆದ್ರೆ ಮನೆಗೂ ಹೋಗ್ತೀನಿ. ನನ್ನ ಟೇಬಲ್ ಮೇಲೆ ಬಂದು ಕೂರೋ ಮಷಿನ್‌ಗಳಲ್ಲಿ ಹೆಚ್ಚಿನವು ಅಲ್ಲಿಗೆ ಬರೋ ಅಗತ್ಯಾನೇ ಇರಲಿಲ್ಲ. ಒಂದು ಬ್ರಶ್ಶು, ಒಂದು ಸಣ್ಣ ಬ್ಯಾಟರಿ, ಒಂದು ಗಂಟೆ ಪುರುಸೊತ್ತು, ಇಷ್ಟು ಸಮಯಕ್ಕೆ ಸರಿಯಾಗಿ ಸಿಕ್ಕಿದ್ರೆ ಸಾವಿರಾರು ರೂಪಾಯಿ ಖರ್ಚು ಉಳೀತಿತ್ತು, ಅದಕ್ಕಿಂತ ಹೆಚ್ಚಾಗಿ ದುಡ್ಡು ಕೊಟ್ರೂ ವಾಪಸ್ ಬರದೇ ಇರೋ ಫೈಲು ಫೋಟೋ ಉಳೀತಿದ್ವು.

2020-21ರಲ್ಲಿ ಕೊರೊನಾ ಟೈಮಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್‌ಗೆ ಅಂತ ಸಾಲಸೋಲ ಮಾಡಿ ಕಂಪ್ಯೂಟರ್ ತಗೊಂಡ ಮನೆಗಳು ನಮ್ಮೂರಲ್ಲಿ ಲೆಕ್ಕ ಇಲ್ಲದಷ್ಟಿವೆ, ನಿಟ್ಟುವಳ್ಳಿ, ವಿನೋಬನಗರ, ಕೆಟಿಜೆ ನಗರ, ವಿದ್ಯಾನಗರ ಯಾವ ಕಡೆ ಹೋದ್ರೂ ಕಾಣ್ತವೆ. ಆವಾಗ ಅದು ಬರೀ ಪಾಠ ಕೇಳೋಕೆ ಇತ್ತು, ಈಗ ಅದರಲ್ಲೇ ಮಗ ಇಂಜಿನಿಯರಿಂಗ್ ಪ್ರಾಜೆಕ್ಟ್ ಮಾಡ್ತಾನೆ, ಅಪ್ಪ ಮೆಕ್ಕೆಜೋಳದ ಲೆಕ್ಕ, ಜಿಎಸ್‌ಟಿ ಬಿಲ್ಲು ಇಟ್ಕೋತಾರೆ, ಅಮ್ಮ ಟೈಲರಿಂಗ್ ಡಿಸೈನ್ ನೋಡ್ತಾರೆ, ಪಹಣಿ ತೆಗೆಯೋದು, ಸೇವಾಸಿಂಧು ಅರ್ಜಿ ಹಾಕೋದು, ಬ್ಯಾಂಕ್ ಕೆಲಸ ಎಲ್ಲಾ ಅದರಲ್ಲೇ. ಮನೆಯ ಅರ್ಧ ವ್ಯವಹಾರ ಅದರ ಹೊಟ್ಟೇಲಿದೆ ಆದ್ರೆ ತಂದ ದಿನದಿಂದ ಅದರ ಮುಚ್ಚಳ ಒಂದು ಸಲಾನೂ ತೆಗೆದಿರಲ್ಲ. ಬೈಕ್‌ಗೆ ಇಷ್ಟು ಕಿಲೋಮೀಟರ್ ಆಯ್ತು ಆಯಿಲ್ ಚೇಂಜ್ ಮಾಡಿಸ್ಬೇಕು ಅಂತ ಯಾರೂ ಹೇಳಿಕೊಡೋದೇ ಬೇಡ, ಅದೇ ಮನೇಲಿ ಬೈಕಿನ ಅರ್ಧ ರೇಟಿನ ಕಂಪ್ಯೂಟರ್ ಕೆಟ್ಟು ನಿಂತ ಮೇಲೇನೇ ಅದರ ನೆನಪಾಗೋದು.

ಮೊದಲು ಧೂಳಿನ ವಿಷಯ ಹೇಳ್ತೀನಿ, ಯಾಕಂದ್ರೆ ನಮ್ಮೂರಿಗೆ ಇದು ದೊಡ್ಡ ವಿಷಯ. ಬೇಸಿಗೇಲಿ ನಮ್ಮಲ್ಲಿ 38-39 ಡಿಗ್ರಿ ಮಾಮೂಲು, ರಸ್ತೆ ಅಗೆಯೋದು ಮುಚ್ಚೋದು ನಡೀತಾನೇ ಇರುತ್ತೆ, ಸುಗ್ಗಿ ಟೈಮಲ್ಲಿ ಮೆಕ್ಕೆಜೋಳ ಒಣಗಿಸೋ ಕಡೆ ಆ ಹೊಟ್ಟಿನ ಧೂಳು ಬೇರೆ, ಇನ್ನು ಮಂಡಕ್ಕಿ ಭಟ್ಟಿ ಇರೋ ಏರಿಯಾದ ಮನೆಗಳ ಕಥೆ ಕೇಳೋದೇ ಬೇಡ. ಅಲ್ಲಿಂದ ಬರೋ ಕ್ಯಾಬಿನೆಟ್, ಅಂದ್ರೆ ಕಂಪ್ಯೂಟರಿನ ಡಬ್ಬಿ, ತೆಗೆದ ಕೂಡ್ಲೆ ನಂಗೆ ಗೊತ್ತಾಗುತ್ತೆ ಇದು ಯಾವ ಕಡೆಯದು ಅಂತ. ಬೇರೆ ಕಡೆ ಧೂಳು ಬೂದು ಬಣ್ಣ ಇರುತ್ತೆ, ಊದಿದ್ರೆ ಹಾರುತ್ತೆ, ಆ ಕಡೆಯದು ಕಪ್ಪಗೆ ಜಿಡ್ಡಾಗಿ ಬೆರಳಿಗೆ ಅಂಟುತ್ತೆ. ಕಂಪ್ಯೂಟರಿನ ಮುಖ್ಯ ಚಿಪ್ಪು ಪ್ರೊಸೆಸರ್, ಅದರ ಮೇಲೆ ಬಿಸಿ ಎಳೆದು ಹೊರಗೆ ಹಾಕೋ ಅಲ್ಯೂಮಿನಿಯಂದು ಒಂದು ಹೀಟ್‌ಸಿಂಕ್ ಅಂತಿರುತ್ತಲ್ಲ, ತೆಳ್ಳಗೆ ರೆಕ್ಕೆ ರೆಕ್ಕೆ ಇರುತ್ತೆ, ಅದರ ಮೇಲೆ ಫ್ಯಾನು. ಆ ಫ್ಯಾನ್ ಬಿಚ್ಚಿ ನೋಡಿದ್ರೆ ಕೆಳಗೆ ರೆಕ್ಕೆಗಳೇ ಕಾಣಲ್ಲ, ಸಂದಿ ಎಲ್ಲಾ ಮುಚ್ಚಿ ಒಂದು ಪದರ ಕೂತಿರುತ್ತೆ, ಚಿಮಟದಲ್ಲಿ ಹಿಡಿದು ಎಳೆದ್ರೆ ಒಂದೇ ತುಂಡಾಗಿ ಕಿತ್ಕೊಂಡು ಬರುತ್ತೆ, ಕೂದಲು, ಬಟ್ಟೆ ನೂಲು, ಮಸಿ, ಊದುಬತ್ತಿ ಬೂದಿ ಎಲ್ಲಾ ಸೇರಿ. ಫ್ಯಾನ್ ತಿರುಗ್ತಾ ಇರುತ್ತೆ, ಸೌಂಡೂ ಬರ್ತಾ ಇರುತ್ತೆ, ಆದ್ರೆ ಗಾಳಿ ಎಲ್ಲಿಗೂ ಹೋಗ್ತಾ ಇರಲ್ಲ.

ಇದರಿಂದ ಏನಾಗುತ್ತೆ ಅಂದ್ರೆ ಪ್ರೊಸೆಸರ್ ಬಿಸಿ ಏರುತ್ತೆ. ಇಂಟೆಲ್‌ನ ಎಷ್ಟೋ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಆಸುಪಾಸು ಅಂತ ಒಂದು ಮಿತಿ ಇಟ್ಟಿರ್ತಾರೆ, ಆ ಹತ್ತಿರ ಹೋದ್ರೆ ಅದು ತಾನೇ ತನ್ನ ಸ್ಪೀಡ್ ಕಮ್ಮಿ ಮಾಡ್ಕೊಳ್ಳುತ್ತೆ, ತನ್ನನ್ನ ತಾನು ಉಳಿಸ್ಕೊಳ್ಳೋಕೆ, ಅದಕ್ಕೂ ಬಗ್ಗದೇ ಬಿಸಿ ಏರಿದ್ರೆ ಧಡಕ್ಕಂತ ಆಫ್ ಆಗುತ್ತೆ. ಮನೆಯವರಿಗೆ ಕಾಣೋದು ಇಷ್ಟೇ, ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಸ್ಲೋ ಆಗುತ್ತೆ, ಮಗ ಗೇಮ್ ಹಾಕಿದ್ರೆ ಹತ್ತು ನಿಮಿಷಕ್ಕೆ ಆಫ್ ಆಗುತ್ತೆ. "ವೈರಸ್ ಬಂದೈತೆ ಕಣ್ರೀ, ಫಾರ್ಮ್ಯಾಟ್ ಹೊಡೀರಿ" ಅಂತ ತಂದು ಇಡ್ತಾರೆ. ಎಷ್ಟೋ ಕಡೆ ನಿಜವಾಗ್ಲೂ ಫಾರ್ಮ್ಯಾಟ್ ಹೊಡೆದು ಕೊಟ್ಟೂ ಕಳಿಸಿರ್ತಾರೆ, ಫೋಟೋ ಎಲ್ಲಾ ಹೋಗಿರುತ್ತೆ, ಸ್ಲೋ ಮಾತ್ರ ಹಂಗೇ ಇರುತ್ತೆ. ರೂಮಲ್ಲೇ 38 ಡಿಗ್ರಿ ಇರುವಾಗ ಹೀಟ್‌ಸಿಂಕ್‌ಗೆ ಸಿಗೋ ಗಾಳೀನೇ ಬಿಸಿ, ಅಂಥದ್ರಲ್ಲಿ ಇರೋ ಸಂದೀನೂ ಮುಚ್ಚಿದ್ರೆ ಅದು ಪಾಪ ಏನು ಮಾಡುತ್ತೆ ಹೇಳಿ. ಯುಗಾದಿ ಹೊತ್ತಿಗೆ ಒಂದು ಸಲ ಒಳಗೆ ಕ್ಲೀನ್ ಆಗ್ಲೇಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕೇ, ಏಪ್ರಿಲ್ ಮೇ ತಿಂಗಳು ದಾಟ್ಬೇಕಲ್ಲ.

ಇದೇನು ದೊಡ್ಡ ವಿದ್ಯೆ ಅಲ್ಲ. ಡೆಸ್ಕ್‌ಟಾಪ್ ಆದ್ರೆ ಶಟ್‌ಡೌನ್ ಮಾಡಿ, ಪ್ಲಗ್ ಗೋಡೆಯಿಂದ ಕಿತ್ತು, ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಸ್ವಲ್ಪ ಕರೆಂಟೂ ಹೋಗುತ್ತೆ. ಆಮೇಲೆ ಹೊರಗೆ ಕಟ್ಟೆ ಮೇಲೋ ಟೆರೇಸಿಗೋ ತಗೊಂಡೋಗಿ ಪಕ್ಕದ ಮುಚ್ಚಳ ತೆಗೆದು, ಒಣಗಿರೋ ಮೆತ್ತನೆ ಪೇಂಟ್ ಬ್ರಶ್‌ನಲ್ಲಿ ನಿಧಾನಕ್ಕೆ ಒರೆಸಿ ಊದೋದು, ಬ್ಲೋವರ್ ಇದ್ರೆ ಸ್ವಲ್ಪ ದೂರದಿಂದ ಹಿಡೀರಿ. ಫ್ಯಾನ್‌ಗೆ ಗಾಳಿ ಊದುವಾಗ ಅದು ಗಿರ್ರಂತ ತಿರುಗದ ಹಂಗೆ ಬೆರಳಲ್ಲಿ ಹಿಡ್ಕೊಳ್ಳಿ, ಇಲ್ಲಾಂದ್ರೆ ಬೇರಿಂಗ್ ಹಾಳಾಗುತ್ತೆ. ಒದ್ದೆ ಬಟ್ಟೆ ಮಾತ್ರ ಒಳಗೆ ತಾಗಿಸ್ಲೇಬೇಡಿ. ಮನೆ ವ್ಯಾಕ್ಯೂಮ್ ಕ್ಲೀನರ್ ಪೈಪನ್ನ ಬೋರ್ಡ್ ಹತ್ತಿರ ತರೋದೂ ಒಳ್ಳೇದಲ್ಲ, ಅದರಿಂದ ಸ್ಟ್ಯಾಟಿಕ್ ಕರೆಂಟ್ ಹೊಡೆದು ಚಿಪ್ ಹೋಗಬಹುದು. ಪವರ್ ಸಪ್ಲೈ ಡಬ್ಬೀನ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ, ಹೊರಗಿಂದಾನೇ ಊದಿ ಸಾಕು. ಪ್ರೊಸೆಸರಿಗೂ ಹೀಟ್‌ಸಿಂಕ್‌ಗೂ ಮಧ್ಯ ಹಚ್ಚಿರೋ ಥರ್ಮಲ್ ಪೇಸ್ಟ್ ನಾಲ್ಕೈದು ವರ್ಷದಲ್ಲಿ ಒಣಗಿ ಸುಣ್ಣದ ಪುಡಿ ಆಗಿರುತ್ತೆ, ಅದನ್ನ ಬದಲಾಯಿಸೋದು, ಲ್ಯಾಪ್‌ಟಾಪ್ ಬಿಚ್ಚೋದು ಇವೆರಡು ಮಾತ್ರ ಗೊತ್ತಿರೋರ ಹತ್ರ ಮಾಡ್ಸಿ, ಲ್ಯಾಪ್‌ಟಾಪ್‌ನ ಸಣ್ಣ ಸಣ್ಣ ಪ್ಲಾಸ್ಟಿಕ್ ಲಾಕು ಒಂದು ಸಲ ಮುರಿದ್ರೆ ಮತ್ತೆ ಕೂರಲ್ಲ.

ಇನ್ನೊಂದು, ಎಷ್ಟೋ ಮನೇಲಿ ಕ್ಯಾಬಿನೆಟ್ ಮೇಲೆ ಕಸೂತಿ ಹಾಕಿರೋ ಬಟ್ಟೆ ಹೊದಿಸಿರ್ತಾರೆ, ನೋಡೋಕೆ ಚಂದ, ಧೂಳೂ ಬೀಳಲ್ಲ ನಿಜ, ಆದ್ರೆ ಕಂಪ್ಯೂಟರ್ ಆನ್ ಮಾಡಿದಾಗ್ಲೂ ತೆಗೆಯಲ್ಲ. ಆಫ್ ಇದ್ದಾಗ ಹೊದಿಸ್ರಿ, ಆನ್ ಮಾಡೋ ಮುಂಚೆ ತೆಗೀರಿ. ಲ್ಯಾಪ್‌ಟಾಪ್‌ನ ಹಾಸಿಗೆ ಮೇಲೆ ದಿಂಬಿನ ಮೇಲೆ ಇಟ್ರೆ ಅಡಿ ತೂತು ಎಲ್ಲಾ ಮುಚ್ಚುತ್ತೆ, ಒಂದು ಮರದ ಹಲಗೆ ಇಟ್ಕೊಂಡ್ರೂ ನಡಿಯುತ್ತೆ. ಹಿಂದುಗಡೆ ಕಾರ್ಡ್ ಹಾಕೋ ಜಾಗದಲ್ಲಿ ತಗಡು ಬಿದ್ದೋಗಿ ತೂತು ಇದ್ರೆ ಮುಚ್ಚಿಸ್ರಿ, ಹಲ್ಲಿ ಜಿರಳೆ ಒಳಗೆ ಹೋಗೋದು ಅಲ್ಲಿಂದಾನೇ, ಬೆಚ್ಚಗಿರುತ್ತಲ್ಲ. ಪವರ್ ಸಪ್ಲೈ ಒಳಗೆ ಹಲ್ಲಿ ಸಿಕ್ಕಿ ಶಾರ್ಟ್ ಆಗಿ ಬೋರ್ಡ್ ಸಮೇತ ಹೋಗಿರೋ ಮಷಿನ್ ನಾನು ಬಿಚ್ಚಿದೀನಿ.

ಆಮೇಲೆ ಕರೆಂಟು. ಮುಂಗಾರಿಗೆ ಮುಂಚೆ ನಮ್ಮ ಕಡೆ ಸಂಜೆ ಹೊತ್ತು ಬರೋ ಗುಡುಗು ಸಿಡಿಲಿನ ಮಳೆ ಎಲ್ಲರಿಗೂ ಗೊತ್ತು, ಕರೆಂಟ್ ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಕಂಪ್ಯೂಟರ್‌ಗೆ ಹೋಗೋದಕ್ಕಿಂತ ಬರೋ ಕರೆಂಟೇ ಹೆಚ್ಚು ಅಪಾಯ. 230 ವೋಲ್ಟ್ ಇರಬೇಕಾದ ಕಡೆ ಲೈನಲ್ಲಿ ನ್ಯೂಟ್ರಲ್ ಕಿತ್ತೋದ್ರೆ ಅದು 400ರ ಹತ್ತಿರ ಹೋಗಬಹುದು, ಒಂದು ಬೀದೀಲಿ ಒಟ್ಟಿಗೆ ಟಿವಿ ಫ್ರಿಜ್ ಸುಡೋದು ಹಿಂಗೇನೇ. ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ ಕಿತ್ತಾಕಿ, ಇಂಟರ್ನೆಟ್ ರೂಟರ್‌ನ ಅಡಾಪ್ಟರ್ ಕೂಡ ಕೀಳಿ. ಫೈಬರ್ ಕೇಬಲ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಕರೆಂಟ್ ಹರಿಯಲ್ಲ, ಆದ್ರೆ ಅಡಾಪ್ಟರ್ ಮೂಲಕ ರೂಟರ್‌ಗೆ ಬಂದು ಅಲ್ಲಿಂದ ಕಂಪ್ಯೂಟರಿಗೆ ಹೋಗೋ ಲ್ಯಾನ್ ವೈರ್ ಹಿಡ್ಕೊಂಡು ಒಳಗಿನ ಮುಖ್ಯ ಬೋರ್ಡು ಅಂದ್ರೆ ಮದರ್‌ಬೋರ್ಡ್‌ಗೆ ಹೋಗುತ್ತೆ. ಲ್ಯಾನ್ ಪೋರ್ಟ್ ಒಂದೇ ಸತ್ತು ಮಿಕ್ಕಿದ್ದೆಲ್ಲಾ ಸರಿ ಇರೋ ಕಂಪ್ಯೂಟರ್‌ಗಳು ಪ್ರತಿ ಮೇ ತಿಂಗಳು ನನ್ನ ಹತ್ರ ಬರ್ತವೆ.

ಅರ್ಥಿಂಗ್ ಸರಿ ಇದೆಯಾ ಅಂತ ಒಂದ್ಸಲ ಎಲೆಕ್ಟ್ರಿಷಿಯನ್‌ನ ಕರೆಸಿ ನೋಡ್ಸಿ, ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ಅಂದ್ರೆ ಅರ್ಥಿಂಗ್ ಸರಿ ಇಲ್ಲ ಅಂತಾನೇ ಅರ್ಥ. ಯುಪಿಎಸ್ ವಿಷಯಾನೂ ಹೇಳ್ಬೇಕು. ಮನೇಲಿರೋ ಸಣ್ಣ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಇರುತ್ತೆ, ಅದರ ಆಯಸ್ಸು ಎರಡು ಮೂರು ವರ್ಷ, ಸೆಖೆ ಜಾಸ್ತಿ ಇರೋ ಕಡೆ ಇನ್ನೂ ಕಮ್ಮಿ. ಅದು ಸತ್ತಿರೋದು ಯಾರಿಗೂ ಗೊತ್ತಿರಲ್ಲ, ಲೈಟ್ ಹಸಿರು ಉರೀತಿರುತ್ತೆ, ಕರೆಂಟ್ ಹೋದ ಕ್ಷಣ ಕಂಪ್ಯೂಟರೂ ಹೋಗುತ್ತೆ. ತಿಂಗಳಿಗೊಂದ್ಸಲ ಮಾಡ್ತಿರೋ ಕೆಲಸ ಸೇವ್ ಮಾಡಿ ಗೋಡೆ ಸ್ವಿಚ್ ಆಫ್ ಮಾಡಿ ನೋಡಿ, ಐದು ನಿಮಿಷಾನೂ ನಿಲ್ಲಲ್ಲ ಅಂದ್ರೆ ಬ್ಯಾಟರಿ ಬದಲಾಯಿಸಿ, ಇಡೀ ಯುಪಿಎಸ್ ಎಸೆಯೋದು ಬೇಡ. ಮನೆ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸೋರು ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇದೆಯಾ ನೋಡಿ, ಒಂದು ಕಡೆ ನಾರ್ಮಲ್ ಒಂದು ಕಡೆ ಯುಪಿಎಸ್ ಅಂತಿರುತ್ತೆ, ಅದನ್ನ ಯುಪಿಎಸ್ ಕಡೆ ಇಟ್ರೆ ಬದಲಾಗೋ ಟೈಮ್ ಕಮ್ಮಿ ಆಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗೋದು ನಿಲ್ಲುತ್ತೆ. ಇದೊಂದು ಸ್ವಿಚ್ಚು ಗೊತ್ತಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟಿರೋ ಮನೆಗಳನ್ನ ನೋಡಿ ಬೇಜಾರಾಗಿದೆ.

ಇನ್ನೊಂದು ಸಣ್ಣ ಬ್ಯಾಟರಿ ಮದರ್‌ಬೋರ್ಡ್ ಮೇಲೇನೇ ಇರುತ್ತೆ, ನಾಣ್ಯದ ಸೈಜಿಂದು, ಸಿಆರ್ 2032 ಅಂತ, 3 ವೋಲ್ಟು. ಅದು ಖಾಲಿ ಆದ್ರೆ ಪ್ರತಿ ಸಲ ಆನ್ ಮಾಡಿದಾಗ ತಾರೀಕು ಯಾವುದೋ ಹಳೇ ವರ್ಷಕ್ಕೆ ಹೋಗಿರುತ್ತೆ, ತಾರೀಕು ತಪ್ಪಿದ್ರೆ ಬ್ಯಾಂಕ್ ವೆಬ್‌ಸೈಟು, ಸರ್ಕಾರಿ ವೆಬ್‌ಸೈಟು ಯಾವುದೂ ತೆಗೆಯಲ್ಲ, ಸುರಕ್ಷಿತ ಅಲ್ಲ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತೆ. ಜನ ಹ್ಯಾಕ್ ಆಗಿದೆ ಅಂತ ಹೆದರ್ಕೊಂಡು ಬರ್ತಾರೆ, ಐವತ್ತು ರೂಪಾಯಿ ಆಸುಪಾಸಿನ ಬ್ಯಾಟರಿ ಹಾಕಿ ತಾರೀಕು ಸರಿ ಮಾಡಿದ್ರೆ ಮುಗೀತು.

ಈಗ ನನಗೆ ಬಹಳ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ. ಬೋರ್ಡು ಹೋದ್ರೆ ಇನ್ನೊಂದು ಸಿಗುತ್ತೆ, ರ‍್ಯಾಮ್ ಹೋದ್ರೆ ಸಿಗುತ್ತೆ, ಫೈಲ್ ಹೋದ್ರೆ ಸಿಗಲ್ಲ. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಇಲ್ಲಾ 7200 ಸುತ್ತು ತಿರುಗ್ತವೆ, ಅದರ ಮೇಲೆ ಓದೋ ಹೆಡ್ ಕೂದಲೆಳೆಗಿಂತ ಎಷ್ಟೋ ಪಟ್ಟು ಕಮ್ಮಿ ಅಂತರದಲ್ಲಿ ತೇಲ್ತಾ ಇರುತ್ತೆ, ಬಿಸಿ, ಏಟು, ಕರೆಂಟ್ ಹೋಗಿ ಬರೋದು ಎಲ್ಲಾನೂ ಅದಕ್ಕೆ ತಾಗುತ್ತೆ. ಒಂದು ದಿನ ಟಿಕ್ ಟಿಕ್ ಅಂತ ಸೌಂಡ್ ಶುರು ಆಯ್ತು ಅಂದ್ರೆ ಆವಾಗ ನನ್ನಂಥೋರು ಮಾಡೋದು ಬಹಳ ಕಮ್ಮಿ, ಡೇಟಾ ರಿಕವರಿಗೆ ಅಂತ ಬೆಂಗಳೂರಿಗೆ ಕಳಿಸ್ಬೇಕು, ಸಾವಿರಗಟ್ಟಲೆ ಖರ್ಚು, ಬರುತ್ತೆ ಅನ್ನೋ ಗ್ಯಾರಂಟೀನೂ ಇಲ್ಲ. ಮಗಳ ಮದುವೆ ಫೋಟೋ ಒಂದೇ ಕಡೆ ಇಟ್ಕೊಂಡು ಕಳ್ಕೊಂಡೋರ ಮುಖ ನೋಡೋದು ಬಹಳ ಕಷ್ಟ ಸಾರ್. ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ಊರಿನ ಇತಿಹಾಸ, ಗುಡಿ ಶಾಸನದ ನೋಟ್ಸು, ಹಳಬರು ಹೇಳಿದ ಕಥೆ ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿ ಇಟ್ಟಿದ್ರು, ಎಲ್ಲಾ ಒಂದೇ ಡಿಸ್ಕಿನಲ್ಲಿ, ಒಂದು ಪೆನ್‌ಡ್ರೈವ್‌ಗೂ ಹಾಕಿರಲಿಲ್ಲ, ಡಿಸ್ಕ್ ಸತ್ತು ಅಷ್ಟೂ ಹೋಯ್ತು. ಅದನ್ನ ಹೇಳಿದ ಹಳಬರಲ್ಲಿ ಕೆಲವರು ಈಗ ಇಲ್ಲ, ಮತ್ತೆ ಹೋಗಿ ಕೇಳಿ ಬರ್ಕೊಳ್ಳೋಣ ಅಂದ್ರೂ ಆಗಲ್ಲ.

ಡಿಸ್ಕ್ ಹೇಳದೇ ಕೇಳದೇ ಸಾಯೋದೂ ಉಂಟು, ಆದ್ರೆ ಎಷ್ಟೋ ಸಲ ಮೊದಲೇ ಸೂಚನೆ ಕೊಡುತ್ತೆ. ಪ್ರತಿ ಡಿಸ್ಕಿನಲ್ಲೂ ಸ್ಮಾರ್ಟ್ ಅನ್ನೋ ವ್ಯವಸ್ಥೆ ಇರುತ್ತೆ, ತನ್ನೊಳಗೆ ಎಷ್ಟು ಜಾಗ ಕೆಟ್ಟಿದೆ, ಎಷ್ಟು ಗಂಟೆ ಓಡಿದೆ, ಎಷ್ಟು ಬಿಸಿ ಇದೆ ಅಂತ ಅದೇ ಬರೆದಿಟ್ಕೊಳ್ಳುತ್ತೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ತೆಗೆದ್ರೆ ಮೇಲೇನೇ ಬಣ್ಣದಲ್ಲಿ ತೋರಿಸುತ್ತೆ, ನೀಲಿ ಇದ್ರೆ ಸದ್ಯಕ್ಕೆ ಸರಿ, ಹಳದಿ ಆಗಿ ಕಾಷನ್ ಅಂತ ಬಂದ್ರೆ ಅವತ್ತೇ ಫೈಲೆಲ್ಲಾ ಬೇರೆ ಕಡೆ ಹಾಕಿ ಹೊಸ ಡಿಸ್ಕ್ ತಗೊಳ್ಳಿ, ನಾಳೆ ನೋಡೋಣ ಅನ್ಬೇಡಿ. ಎರಡು ನಿಮಿಷದ ಕೆಲಸ ಇದು.

ಬ್ಯಾಕಪ್‌ಗೆ 3-2-1 ಅಂತ ಒಂದು ಹಳೇ ಲೆಕ್ಕ ಇದೆ, ಮುಖ್ಯವಾದ ಫೈಲಿಗೆ ಮೂರು ಕಾಪಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಕಂಪ್ಯೂಟರ್‌ನಲ್ಲಿರೋದು ಒಂದು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಗೂಗಲ್ ಡ್ರೈವ್ ಥರದ ಕಡೆ ಇಲ್ಲಾ ಅಣ್ಣನ ಮನೇಲಿ ಒಂದು. ಗೂಗಲ್‌ನಲ್ಲಿ 15 ಜಿಬಿ ಫ್ರೀ ಕೊಡ್ತಾರೆ, ವಿಡಿಯೋಗೆ ಸಾಲಲ್ಲ ಆದ್ರೆ ಮನೆ ಪತ್ರ, ಮಾರ್ಕ್ಸ್‌ಕಾರ್ಡ್, ಲೆಕ್ಕ, ಆಯ್ದ ಫೋಟೋಗೆ ಧಾರಾಳ. ಒಂದು ತಿಳ್ಕೊಳ್ಳಿ, ಸಿಂಕ್ ಆಗೋದು ಬೇರೆ ಬ್ಯಾಕಪ್ ಬೇರೆ, ಸಿಂಕ್‌ನಲ್ಲಿ ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿ ಹೋಗುತ್ತೆ, ಡ್ರೈವ್ ಕಸದಬುಟ್ಟೀಲಿ 30 ದಿನ ಇರುತ್ತೆ ಅಷ್ಟೇ. ಎಕ್ಸ್‌ಟರ್ನಲ್ ಡಿಸ್ಕ್‌ನ ಕೆಲಸ ಆದ ಮೇಲೆ ಕಿತ್ತಿಡಿ, ಅದು ಸಿಕ್ಕಿಸಿಯೇ ಇದ್ರೆ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದಾಗ ಅದನ್ನೂ ಬೀಗ ಹಾಕಿಬಿಡುತ್ತೆ. ಮತ್ತೆ ಯಾವಾಗ್ಲಾದ್ರೂ ಒಂದ್ಸಲ ಆ ಬ್ಯಾಕಪ್ಪಿಂದ ನಾಲ್ಕು ಫೈಲ್ ತೆಗೆದು ನೋಡಿ, ಬರೀ ಖಾಲಿ ಫೋಲ್ಡರ್ ಕಾಪಿ ಆಗಿರೋದೂ ಉಂಟು. ನುಡಿ, ಬರಹ ಸಾಫ್ಟ್‌ವೇರ್‌ಗಳಲ್ಲಿ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿರೋ ಫೈಲ್ ಇರೋರು ಅದನ್ನ ಯಾವ ಮಷಿನ್‌ನಲ್ಲಾದ್ರೂ ಓದೋಕಾಗೋ ಯೂನಿಕೋಡ್‌ಗೆ ಬದಲಾಯಿಸಿ ಒಂದು ಕಾಪಿ ಇಟ್ಕೊಳ್ಳಿ, ಇಲ್ಲಾಂದ್ರೆ ಮುಂದೆ ಫೈಲ್ ಇದ್ರೂ ಆ ಫಾಂಟ್ ಇಲ್ಲದ ಮಷಿನ್‌ನಲ್ಲಿ ಬರೀ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಕಾಣ್ತವೆ. ಕನ್ನಡದ ಎಷ್ಟು ಬರವಣಿಗೆ ಹಿಂಗೆ ಹಳೇ ಡಿಸ್ಕುಗಳಲ್ಲಿ ಕೂತಿದೆಯೋ ಅಂತ ಯೋಚನೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ.

ಅಪ್‌ಡೇಟ್ ಬಗ್ಗೆ ಜನರಿಗೆ ಸಿಟ್ಟಿದೆ, ನನಗೂ ಅರ್ಥ ಆಗುತ್ತೆ, ಅರ್ಜೆಂಟ್ ಇದ್ದಾಗ್ಲೇ ಶುರು ಆಗುತ್ತೆ. ಆದ್ರೆ 2017ರಲ್ಲಿ ಏನಾಯ್ತು ಅಂತ ನೆನಪಿಸ್ತೀನಿ. ಆ ವರ್ಷ ಮೇ 12ಕ್ಕೆ ವಾನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಹಬ್ಬಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಹಿಡೀತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನ ವಾಪಸ್ ಕಳಿಸೋ ಪರಿಸ್ಥಿತಿ ಬಂತು. ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟ್‌ನ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು, ಹೆಚ್ಚುಕಮ್ಮಿ ಎರಡು ತಿಂಗಳು ಮುಂಚೆ. ಹಾಕ್ಕೊಂಡೋರು ಉಳ್ಕೊಂಡ್ರು.

ಈಗ ನಮ್ಮೂರಿನ ಮನೆಗಳಲ್ಲಿ ಇನ್ನೂ ಎಷ್ಟೋ ಕಡೆ ವಿಂಡೋಸ್ 10 ಇದೆ, ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಅದಾದ ಮೇಲೆ ಬೇಕು ಅಂದೋರು ಬೇರೆಯಾಗಿ ನೋಂದಣಿ ಮಾಡ್ಕೊಂಡ್ರೆ ಸೆಕ್ಯುರಿಟಿ ಅಪ್‌ಡೇಟ್ ಒಂದು ವರ್ಷ ಮುಂದುವರಿಯೋ ವ್ಯವಸ್ಥೆ ಮೈಕ್ರೋಸಾಫ್ಟ್ ಮಾಡಿತ್ತು, ಅದು ಗೊತ್ತಿರೋರೇ ಕಮ್ಮಿ. ವಿಂಡೋಸ್ 11 ಹಾಕೋಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಮಷಿನ್ ಒಳಗಿರಬೇಕು, ಇಂಟೆಲ್ ಆದ್ರೆ ಸುಮಾರಾಗಿ 8ನೇ ಜನರೇಷನ್ ಮೇಲಿಂದು ಬೇಕು, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದ್ರೆ ನಿಮ್ಮದು ಯಾವುದು ಅಂತ ಗೊತ್ತಾಗುತ್ತೆ. ಆಗಲ್ಲ ಅಂದ್ರೆ ಮಷಿನ್ ಎಸೀಬೇಡಿ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ಡಿಸ್ಕು) ಹಾಕ್ಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಥರದ ಫ್ರೀ ಆಪರೇಟಿಂಗ್ ಸಿಸ್ಟಂ ಹಾಕ್ಕೊಂಡ್ರೆ ಬ್ರೌಸಿಂಗು, ಪತ್ರ, ಲೆಕ್ಕಕ್ಕೆ ಇನ್ನೂ ಎಷ್ಟೋ ವರ್ಷ ಓಡುತ್ತೆ, ಕನ್ನಡ ಟೈಪಿಂಗೂ ಬರುತ್ತೆ. ಇನ್ನು ಕ್ರ್ಯಾಕ್ ಮಾಡಿರೋ ವಿಂಡೋಸು, ಆ ಆಕ್ಟಿವೇಟರು, ಅವುಗಳ ಜೊತೆ ಏನೇನು ಒಳಗೆ ಬರುತ್ತೆ ಅಂತ ಹಾಕಿ ಕೊಟ್ಟೋನಿಗೂ ಗೊತ್ತಿರಲ್ಲ, ದಯವಿಟ್ಟು ಬೇಡ.

ಆಂಟಿವೈರಸ್ ಅಂತ ಎರಡೆರಡು ಹಾಕ್ಕೊಂಡು ಮಷಿನ್ ಉಸಿರು ಕಟ್ಟಿಸೋದೂ ಬೇಡ. ವಿಂಡೋಸ್ ಜೊತೆ ಬರೋ ಡಿಫೆಂಡರ್ ಆನ್ ಇದ್ದು ಅಪ್‌ಡೇಟ್ ಆಗಿದ್ರೆ ಮನೆ ಬಳಕೆಗೆ ಸಾಕು, ಮಾಲ್‌ವೇರ್ (ಹಾನಿ ಮಾಡೋ ಪ್ರೋಗ್ರಾಂ) ಇದೆ ಅಂತ ಅನುಮಾನ ಬಂದ್ರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಫ್ರೀ ಟೂಲ್ ಕೊಡ್ತಾ ಇದೆ. ಪರದೆ ಮೇಲೆ ದೊಡ್ಡದಾಗಿ ವೈರಸ್ ಇದೆ ಈ ನಂಬರಿಗೆ ಫೋನ್ ಮಾಡಿ ಅಂತ ಬಂದ್ರೆ ಫೋನ್ ಮಾಡ್ಬೇಡಿ, ಅದು ಮೋಸ. ದುಡ್ಡು ಹೋಯ್ತು ಅಂದ್ರೆ ತಡ ಮಾಡದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಪೀಡ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಅಂತ ಬರೋ ಜಾಹೀರಾತಿನ ಸಾಫ್ಟ್‌ವೇರ್‌ಗಳಿಂದ ಆಗೋದು ಏನೂ ಇಲ್ಲ. ಅದರ ಬದಲು ಸಿ ಡ್ರೈವ್‌ನಲ್ಲಿ ಐದನೇ ಒಂದು ಭಾಗದಷ್ಟು ಖಾಲಿ ಇಟ್ಕೊಳ್ಳಿ, ಆನ್ ಮಾಡಿದ ಕೂಡ್ಲೆ ತಾವೇ ಶುರುವಾಗೋ ಬೇಡದ ಪ್ರೋಗ್ರಾಂಗಳನ್ನ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ನಿಲ್ಲಿಸಿ. ಎಸ್‌ಎಸ್‌ಡಿ ಇರೋರು ಡಿಫ್ರ್ಯಾಗ್, ಅಂದ್ರೆ ಡಿಸ್ಕಿನಲ್ಲಿ ಚದುರಿರೋ ಫೈಲ್ ತುಂಡು ಒಟ್ಟು ಮಾಡೋದು, ಮಾಡೋ ಅಗತ್ಯ ಇಲ್ಲ, ಅದಕ್ಕೆ ಬೇಕಾದ, ಅಳಿಸಿದ ಫೈಲಿನ ಜಾಗ ಖಾಲಿ ಮಾಡೋ ಟ್ರಿಮ್‌ನ ವಿಂಡೋಸ್ ತಾನೇ ಮಾಡ್ಕೊಳ್ಳುತ್ತೆ.

ಇಷ್ಟೆಲ್ಲಾ ಕೇಳಿದ ಮೇಲೆ ಜನ ಹೇಳೋದು ಒಂದೇ, ನೆನಪಿರಲ್ಲ ಕಣ್ರೀ ಅಂತ. ಅದಕ್ಕೆ ನಾನು ನನ್ನ ಗಿರಾಕಿಗಳಿಗೆಲ್ಲಾ ಹಬ್ಬದ ಲೆಕ್ಕ ಹೇಳ್ತೀನಿ. ಯುಗಾದಿಗೆ ಮನೆ ಸುಣ್ಣ ಬಣ್ಣ ಕ್ಲೀನಿಂಗ್ ಹೆಂಗೂ ಇದ್ದೇ ಇರುತ್ತೆ, ಅವತ್ತಿಗೆ ಮುಂಚೆ ಒಂದು ಭಾನುವಾರ ಕಂಪ್ಯೂಟರ್ ಒಳಗಿನ ಧೂಳು ತೆಗೀರಿ. ಮತ್ತೆ ಸುಮಾರು ಆರು ತಿಂಗಳಿಗೆ ಆಯುಧಪೂಜೆ ಬರುತ್ತೆ, ಆವಾಗ ಇನ್ನೊಂದ್ಸಲ, ಮಳೆಗಾಲದ ತೇವ, ಹುಳಹುಪ್ಪಟೆ ಎಲ್ಲಾ ನೋಡ್ಕೊಂಡು. ಪ್ರತಿ ಅಮಾವಾಸ್ಯೆಗೆ ಅಂಗಡಿ ಗಾಡಿಗೆ ಪೂಜೆ ಮಾಡೋರು ನಮ್ಮೂರಲ್ಲಿ ಬಹಳ ಜನ ಇದೀರಿ, ಅವತ್ತೇ ಬ್ಯಾಕಪ್ ತಗೊಳ್ಳಿ, ಯುಪಿಎಸ್ ಟೆಸ್ಟ್ ಮಾಡಿ, ಅಪ್‌ಡೇಟ್ ಶುರು ಮಾಡಿ ಬಿಡಿ, ಅದು ಹಾಕ್ಕೊಳ್ತಾ ಇರುವಾಗ ನೀವು ಪೂಜೆ ಮುಗಿಸಿ ಬರಬಹುದು. ಆಯುಧಪೂಜೆ ದಿನ ಕಂಪ್ಯೂಟರ್‌ಗೂ ಅರಿಶಿನ ಕುಂಕುಮ ಹೂವು ಇಡ್ತೀವಲ್ಲ, ಖಂಡಿತ ಇಡ್ಬೇಕು, ಅದು ನಮಗೆ ಅನ್ನ ಕೊಡೋ ಸಾಧನ, ಆದ್ರೆ ಪ್ಲಗ್ ತೆಗೆದು ಇಡಿ, ಕುಂಕುಮಾನ ಗಾಳಿ ತೂತು, ಯುಎಸ್‌ಬಿ ಜಾಗ ಬಿಟ್ಟು ಮೇಲ್ಭಾಗದಲ್ಲಿ ಹಚ್ಚಿ, ಕೀಬೋರ್ಡ್ ಮೇಲೆ ಅಕ್ಷತೆ ನೀರು ಹಾಕ್ಬೇಡಿ. ದಸರಾ ಮುಗಿದ ವಾರ ಕೀಬೋರ್ಡ್ ಬಿಚ್ಚಿದ್ರೆ ಕೀಗಳ ಕೆಳಗೆ ಕುಂಕುಮ ನೀರು ಕುಡಿದು ಗಟ್ಟಿಯಾಗಿ ಕೂತಿರುತ್ತೆ.

ಹಳೇದು ನಿಜವಾಗ್ಲೂ ಮುಗೀತು ಅಂದ್ರೆ ಗುಜರಿಗೆ ತೂಕಕ್ಕೆ ಹಾಕ್ಬೇಡಿ, ಅಲ್ಲಿ ವೈರ್ ಸುಟ್ಟು ತಾಮ್ರ ತೆಗೀತಾರೆ, ಆ ಹೊಗೆ ನಮ್ಮ ಮಕ್ಕಳೇ ಕುಡಿಯೋದು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ, ನೋಂದಣಿ ಆಗಿರೋ ಮರುಬಳಕೆದಾರರಿಗೇ ಅದು ಹೋಗ್ಬೇಕು. ಕೊಡೋಕೆ ಮುಂಚೆ ಡಿಸ್ಕ್ ಪೂರ್ತಿ ಅಳಿಸಿ, ಇಲ್ಲಾ ಬಿಚ್ಚಿ ಇಟ್ಕೊಳ್ಳಿ, ಅದರಲ್ಲಿ ನಿಮ್ಮ ಆಧಾರ್ ಕಾಪಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲಾ ಇರುತ್ತೆ.

ನಿಮ್ಮಲ್ಲಿ ಮತ್ತು ನಮ್ಮೂರಿನ ಕಾಲೇಜುಗಳಲ್ಲಿ ನನ್ನದೊಂದು ಬೇಡಿಕೆ ಇದೆ. ನಮ್ಮ ದಾವಣಗೇರೇಲಿ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐ ಯಾವುದಕ್ಕೂ ಕೊರತೆ ಇಲ್ಲ, ಹುಡುಗರು ಹಾರ್ಡ್‌ವೇರ್ ಪಾಠ ಪುಸ್ತಕದಲ್ಲಿ ಓದ್ತಾರೆ. ಯುಗಾದಿ, ದಸರಾ ಮುಂಚಿನ ಒಂದೊಂದು ಭಾನುವಾರ ಒಂದೊಂದು ವಾರ್ಡಿನ ಸಮುದಾಯ ಭವನದಲ್ಲಿ ಅವರು ಕೂತು ಮನೆ ಕಂಪ್ಯೂಟರ್‌ಗಳನ್ನ ಜನರ ಕಣ್ಣೆದುರಿಗೇ ಕ್ಲೀನ್ ಮಾಡಿ, ಡಿಸ್ಕ್ ಚೆಕ್ ಮಾಡಿ, ಬ್ಯಾಕಪ್ ಹೆಂಗೆ ತಗೊಳ್ಳೋದು ಅಂತ ಹೇಳಿಕೊಟ್ರೆ ಹುಡುಗರಿಗೂ ಕೈಗೆ ಕೆಲಸ ಬರುತ್ತೆ, ಮನೆಗಳಿಗೂ ಉಪಕಾರ ಆಗುತ್ತೆ. ಸರ್ಕಾರಿ ಶಾಲೆಗಳ ಕಂಪ್ಯೂಟರ್ ರೂಮಿಂದಾನೇ ಶುರು ಮಾಡಿದ್ರೆ ಇನ್ನೂ ಒಳ್ಳೇದು, ಕೊಟ್ಟಿರೋ ಮಷಿನ್ ಧೂಳು ತಿನ್ಕೊಂಡು ಕೂತಿರೋ ಶಾಲೆಗಳ ಮಕ್ಕಳಿಗೆ ಅದು ಬಹಳ ಬೇಕು. ನೀವು ಆ ಎರಡು ಹಬ್ಬಕ್ಕೂ ಹದಿನೈದು ದಿನ ಮುಂಚೆ ಒಂದು ಸಣ್ಣ ಬಾಕ್ಸ್ ಹಾಕಿ ಓದುಗರಿಗೆ ನೆನಪು ಮಾಡ್ಬೇಕು ಅಂತ ಕೇಳ್ಕೊಳ್ತೀನಿ. ಅಂಥ ಶಿಬಿರ ಯಾವ ಕಾಲೇಜು ಮಾಡಿದ್ರೂ ಬ್ಲೋವರ್, ಬ್ರಶ್ಶು, ಥರ್ಮಲ್ ಪೇಸ್ಟ್ ತಗೊಂಡು ನಾನು ದುಡ್ಡಿಲ್ಲದೇ ಬಂದು ಹುಡುಗರ ಜೊತೆ ಕೂರ್ತೀನಿ, ನನ್ನ ಜೊತೆ ಈ ಕೆಲಸ ಮಾಡೋ ಇನ್ನೂ ಇಬ್ಬರು ಮೂವರು ಬರ್ತೀವಿ ಅಂದಿದಾರೆ.

ಇಂತಿ,
ನಿಮ್ಮ ಓದುಗ, ಒಬ್ಬ ಕಂಪ್ಯೂಟರ್ ರಿಪೇರಿಯವನು
ನಿಟ್ಟುವಳ್ಳಿ, ದಾವಣಗೆರೆ